ಮೇಷ್ಟ್ರು ಬರೆದುಕೊಟ್ಟಿದ್ದ ದೇಹ

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸುತ್ತೂರು ಬರುವ ತನಕ ಓದುತ್ತಿದ್ದೆ. ಸುತ್ತೂರು ದಾಟಿದ ಮೇಲೆ ಕಿಟಕಿಯ ಸರಳಿಗೆ ತಲೆ ಆನಿಸಿ ನಿದ್ದೆ ಹೋಗುತ್ತಿದ್ದೆ. ಕಂಡಕ್ಟರ್‌ಗೆ ಇದು ರೂಢಿಯಾಗಿತ್ತು. ನರಸೀಪುರ ಬಂದಾಗ ಸೀಟಿನ ಕಂಬಿ ತಟ್ಟಿ, "ಡಾಕ್ಟ್ರಮ್ಮ, ಆಸ್ಪತ್ರೆ ಬಂತು" ಅನ್ನುತ್ತಿದ್ದ.

ಅಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ವೈದ್ಯಾಧಿಕಾರಿಯಾಗಿದ್ದೆ. ಎರಡು ಸಾವಿರದ ದಶಕದ ಮೊದಲ ವರ್ಷಗಳು. ಒಂದು ಹೊಡೆದಾಟದ ಕೇಸಿನಲ್ಲಿ ಸಾಕ್ಷಿ ಹೇಳಲು ಹೋಗಿ, ವಕೀಲರು ಒಂದು ಪದ ಹಿಡಿದು ಎಳೆದಾಡಿದ್ದಕ್ಕೆ ಉತ್ತರ ಸಿಗದೆ ಕಟಕಟೆಯಲ್ಲಿ ಬೆವರಿ ಬಂದಿದ್ದೆ. ಆ ಸಿಟ್ಟಿಗೆ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಕಾನೂನು ಮತ್ತು ನೀತಿಶಾಸ್ತ್ರದ ಡಿಪ್ಲೊಮಾಗೆ ಹೆಸರು ಕೊಟ್ಟೆ. ಅಂಚೆಯಲ್ಲಿ ಪಾಠದ ಹೊತ್ತಗೆಗಳು ಬರುತ್ತಿದ್ದವು. ಕೆಲವು ಶನಿವಾರ ಭಾನುವಾರ ಬೆಂಗಳೂರಿನಲ್ಲಿ ತರಗತಿ. ಕೊನೆಗೆ ಒಂದು ಪ್ರಬಂಧ ಬರೆದು, ಅದರ ಮೇಲೆ ಮೌಖಿಕ ಪರೀಕ್ಷೆ ಎದುರಿಸಬೇಕು.

ಸೇರುವಾಗ ಇದ್ದ ಸಿಟ್ಟು ಎರಡನೇ ತಿಂಗಳಿಗೇ ಇಳಿದುಹೋಯಿತು, ದಣಿವು ಮಾತ್ರ ಉಳಿಯಿತು. ಹೊರರೋಗಿಗಳ ಸಾಲು, ಹೆರಿಗೆ, ಹಾವು ಕಡಿತ, ವಿಷ ಕುಡಿದವರು, ಶವಪರೀಕ್ಷೆ. ಇವುಗಳ ನಡುವೆ ಇಂಗ್ಲಿಷಿನ ತೀರ್ಪುಗಳನ್ನು ಓದಬೇಕು. ಒಂದೇ ಪುಟವನ್ನು ಮೂರು ದಿನ ಓದಿದ್ದುಂಟು. ಬೆಂಗಳೂರಿನ ತರಗತಿಯಲ್ಲಿ ಪ್ರಾಧ್ಯಾಪಕರು ರೋಗಿಯ ಸ್ವಾಯತ್ತತೆ ಎಂದು ಹೇಳುವಾಗ ನನ್ನ ಕಣ್ಣ ಮುಂದೆ ನಮ್ಮ ಆಸ್ಪತ್ರೆಯ ಬೆಂಚು ಬರುತ್ತಿತ್ತು. ಒಂದು ಮಂಚಕ್ಕೆ ಇಬ್ಬರು ಬಾಣಂತಿಯರನ್ನು ಮಲಗಿಸುವ ಕಡೆ ಸ್ವಾಯತ್ತತೆಯನ್ನು ಎಲ್ಲಿ ಮಲಗಿಸುವುದು ಅಂದುಕೊಳ್ಳುತ್ತಿದ್ದೆ.

ಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ, ದೇಹದಾನ. ಬದುಕಿದ್ದಾಗ ಒಬ್ಬ ಮನುಷ್ಯ ತನ್ನ ದೇಹವನ್ನು ವೈದ್ಯಕೀಯ ಕಾಲೇಜಿಗೆ ಬರೆದುಕೊಟ್ಟರೂ ಆತ ಸತ್ತ ಮೇಲೆ ಆ ಬರಹಕ್ಕೆ ಬಲವಿಲ್ಲ. ದೇಹ ಹತ್ತಿರದ ಸಂಬಂಧಿಕರ ವಶದಲ್ಲಿರುತ್ತದೆ, ಅವರು ಬೇಡ ಅಂದರೆ ಕಾಲೇಜಿನವರು ವ್ಯಾನು ತಿರುಗಿಸಿಕೊಂಡು ಹೋಗಬೇಕು. ಹಾಗಾದರೆ ಸತ್ತವನ ಮಾತಿಗೆ ಬೆಲೆ ಏನು? ಈ ಪ್ರಶ್ನೆಯನ್ನು ಇಟ್ಟುಕೊಂಡು, ದೇಹ ಬರೆದುಕೊಟ್ಟವರನ್ನೂ ಅವರ ಮನೆಯವರನ್ನೂ ಮಾತಾಡಿಸುವುದು ನನ್ನ ಯೋಜನೆ. ಸುಲಭ ಎಂದು ತಿಳಿದಿದ್ದೆ. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕು ಸುತ್ತಿದರೆ ಸಿಕ್ಕವರೇ ಕೆಲವರು. ಸಿಕ್ಕವರಲ್ಲಿ ಒಬ್ಬರು ಆಗಲೇ ಮನಸ್ಸು ಬದಲಾಯಿಸಿದ್ದರು. ಇನ್ನೊಬ್ಬರ ಮಕ್ಕಳು ನನ್ನನ್ನು ಜಗಲಿಯಿಂದಲೇ ಸಾಗಹಾಕಿದರು.

ಹಾಗೆ ಅಲೆಯುತ್ತಿದ್ದಾಗ ಸಿಕ್ಕವರು ಮೇಷ್ಟ್ರು.

ಹುಡುಕಬೇಕಾಗಿಯೇ ಇರಲಿಲ್ಲ. ಎದೆನೋವಿಗೆ ನಮ್ಮ ಆಸ್ಪತ್ರೆಯಲ್ಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದವರು. ನಿವೃತ್ತ ಮುಖ್ಯೋಪಾಧ್ಯಾಯರು, ಸೋಮನಾಥಪುರದ ದಾರಿಯಲ್ಲಿ ನಾಲೆಯ ಪಕ್ಕದ ಒಂದು ಹಳ್ಳಿಯವರು. ಒಂದು ದಿನ ನನ್ನ ಮೇಜಿನ ಮೇಲಿದ್ದ ಹೊತ್ತಗೆ ನೋಡಿ, "ಏನ್ ಓದ್ತಾ ಇದೀರಿ ಮೇಡಂ, ಈ ವಯಸ್ಸಲ್ಲಿ?" ಎಂದು ಕೇಳಿದರು. ಹೇಳಿದೆ. "ಹಂಗಾದ್ರೆ ನಮ್ಮನೇಗೆ ಬನ್ನಿ. ನಾನು ಬರೆದುಕೊಟ್ಟು ವರ್ಷಗಳಾದವು" ಅಂದರು.

ಭಾನುವಾರಗಳಲ್ಲಿ ಅವರ ಮನೆಗೆ ಹೋಗತೊಡಗಿದೆ. ಎರಡು ಅಂಕಣದ ಹೆಂಚಿನ ಮನೆ, ಗೋಡೆಯ ಮೇಲೆ ಬುದ್ಧನ ಒಂದು ಚಿತ್ರ. ಮೇಷ್ಟ್ರು ಚಿಕ್ಕ ವಯಸ್ಸಿನಲ್ಲೇ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರಂತೆ. ದೇಹ ಯಾಕೆ ಕೊಡುತ್ತೀರಿ ಎಂದು ನಾನು ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳಿದೆ.

"ನಮ್ಮ ತಾತ ಊರಿನ ಸತ್ತ ದನ ಹೊತ್ತೇ ಬಾಳಿದವನು. ಅವನ ನೆರಳು ಬಿದ್ರೆ ಮೈ ತೊಳ್ಕೊಳ್ಳೋರು. ನಾನು ಮೇಷ್ಟ್ರಾಗಿ ಬಂದ ಮೇಲೂ, ಮೊದಮೊದಲು, ನಾನು ತಿದ್ದಿದ ಸ್ಲೇಟನ್ನ ಮನೆಗೆ ಹೋಗಿ ತೊಳೆಸ್ತಿದ್ರು. ಈಗ ಡಾಕ್ಟರಾಗೋ ಮಕ್ಕಳು ಯಾವ ಜಾತಿಯೋರಾದ್ರೂ ಆಗ್ಲಿ, ನನ್ನ ಮೈ ಮೇಲೆ ಕೈ ಇಟ್ಟೇ ಕಲೀಬೇಕು." ನನ್ನ ಪೆನ್ನಿನ ಕಡೆ ನೋಡಿ ಮುಂದುವರಿಸಿದರು. "ಸಿಟ್ಟು ಅಂತ ಬರ್ಕೊಬೇಡಿ. ಸಿಟ್ಟು ಹೋಗಿ ಬಹಳ ದಿನ ಆಯ್ತು. ಇನ್ನೊಂದು ವರ್ಷ ಪಾಠ ಮಾಡ್ದಂಗೆ ಆಗುತ್ತೆ, ಅಷ್ಟೇ."

ನಮ್ಮ ಮನೆಯಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ ಮಣ್ಣು ಮಾಡುತ್ತಾರೆ. ದೇಹ ಕೊಡುವ ಮಾತನ್ನು ನಮ್ಮಲ್ಲಿ ಯಾರೂ ಎತ್ತಿದವರಲ್ಲ. ಇದನ್ನು ಮೇಷ್ಟ್ರಿಗೆ ಹೇಳಿದೆ. "ಕೂರಿಸಿ ಕಳಿಸೋದೂ ಒಂದು ಮರ್ಯಾದೆನೇ. ನಾನು ಮಲಗಿಕೊಂಡು ಪಾಠ ಮಾಡ್ತೀನಿ" ಎಂದು ನಕ್ಕರು.

ಕಾನೂನು ಏನು ಹೇಳುತ್ತದೆ ಎಂದು ನಾನು ಬಿಡಿಸಿ ಹೇಳಿದಾಗ ಅವರು ಗಂಭೀರರಾದರು. ತಾವು ಬರೆದುಕೊಟ್ಟದ್ದು ಸಾಲದು, ಮನೆಯವರ ಒಪ್ಪಿಗೆಯೇ ಮುಖ್ಯ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ ನಂಜನಗೂಡಿನಿಂದ ಮಗಳನ್ನು ಕರೆಸಿದರು. ಒಬ್ಬಳೇ ಮಗಳು, ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತೆ. ಒಳಗಿದ್ದ ಹೆಂಡತಿಯನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಪ್ರಶ್ನೆಗಳನ್ನು ಓದಿದೆ. ಮಗಳು ಸ್ಪಷ್ಟವಾಗಿ, "ಅಪ್ಪನ ಆಸೆ ನಡೆಸ್ತೀನಿ ಮೇಡಂ" ಅಂದಳು. ಹೆಂಡತಿಯನ್ನು ಕೇಳಿದೆ. ಆಕೆ ಗಂಡನ ಮುಖ ನೋಡಿ, ಆಮೇಲೆ ನನ್ನ ಕಡೆ ತಿರುಗಿ "ಊ" ಅಂದರು. ಕಾಫಿ ತರಲು ಎದ್ದು ಹೋದರು.

ಆ ಅಧ್ಯಾಯವನ್ನು ನಾನು ಉತ್ಸಾಹದಿಂದ ಬರೆದೆ. ಇಡೀ ವರ್ಷದಲ್ಲಿ ಉತ್ಸಾಹದಿಂದ ಬರೆದದ್ದು ಅದೊಂದೇ.

*

ಅದಾಗಿ ಕೆಲವು ತಿಂಗಳಿಗೆ, ಕಬ್ಬಿನ ಗಾಡಿಗಳು ರಸ್ತೆ ತುಂಬ ಓಡಾಡುವ ಕಾಲದಲ್ಲಿ, ಒಂದು ಬೆಳಿಗ್ಗೆ ಆಸ್ಪತ್ರೆಯ ಬಾಗಿಲಿಗೆ ಗೂಡ್ಸ್ ಆಟೊ ಬಂದು ನಿಂತಿತು. ಸಾಮಾನು ಹೇರುವ ಜಾಗದಲ್ಲಿ ಗೋಣಿಚೀಲದ ಮೇಲೆ ಯಾರನ್ನೋ ಮಲಗಿಸಿದ್ದರು. ಬಗ್ಗಿ ನೋಡಿದರೆ ಮೇಷ್ಟ್ರು.

ನಾಡಿ ಇರಲಿಲ್ಲ. ಕಣ್ಣಿಗೆ ಟಾರ್ಚ್ ಬಿಟ್ಟೆ, ಪಾಪೆ ಅಲುಗಲಿಲ್ಲ. ಮೈ ಇನ್ನೂ ಬೆಚ್ಚಗಿತ್ತು. ಸ್ಟೆತೊಸ್ಕೋಪ್ ಇಟ್ಟು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೇಳಿದೆ.

ಕರೆತಂದ ರೈತ ತಲೆಯ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದ. "ನಾ ಗದ್ದೆಗ್ ಓಯ್ತಿದ್ದೆ ಕನವ್ವ. ನಾಲೆ ಏರಿ ಮ್ಯಾಲ ಸೈಕಲ್ ಬಿದ್ದಿತ್ತು. ಮೇಷ್ಟ್ರು ಕೆಳಗ, ಇಳಿಜಾರಲ್ಲಿ ಬಿದ್ದಿದ್ರು. ಉಸ್ರಾಡ್ತಿದ್ರೋ ಇಲ್ವೋ, ಗೊತ್ತಾಗ್ನಿಲ್ಲ."

"ಬೀಳೋದನ್ನ ಯಾರಾದ್ರೂ ನೋಡಿದ್ರಾ?"

"ಯಾರೂ ಕಾಣ್ನಿಲ್ಲ ಕನವ್ವ."

ಒಳಗೆ ಮಲಗಿಸಿ ತಲೆಯಿಂದ ಕಾಲಿನವರೆಗೆ ನೋಡಿದೆ. ಬಲ ಕೆನ್ನೆಯ ಮೇಲೆ ತರಚು ಗಾಯ, ಅದರಲ್ಲಿ ನಾಲೆ ಏರಿಯ ಕೆಂಪು ಮಣ್ಣು. ಮೊಣಕೈಯ ಚರ್ಮ ಕಿತ್ತಿತ್ತು. ಕಿವಿ ಮೂಗಿನಲ್ಲಿ ರಕ್ತವಿಲ್ಲ. ಕೂದಲೊಳಗೆ ಬೆರಳಾಡಿಸಿದಾಗ ಬಲ ಕಿವಿಯ ಹಿಂದೆ ಒಂದು ಕಡೆ ಮೆತ್ತಗೆ ಊದಿರುವುದು ಸಿಕ್ಕಿತು. ಒತ್ತಿದರೆ ಒದ್ದೆ ಮಣ್ಣಿನ ಹಾಗೆ ತಗ್ಗುತ್ತಿತ್ತು. ಕೆಳಗೆ ಮೂಳೆ ಬಿರಿದಿದೆಯೋ ಇಲ್ಲವೋ, ಬೆರಳಿಗೆ ತಿಳಿಯಲಿಲ್ಲ.

ಎದೆನೋವು ಬಂದು ಸೈಕಲ್ಲಿನಿಂದ ಬಿದ್ದು ಸತ್ತರೋ, ಆಯ ತಪ್ಪಿ ಬಿದ್ದು ತಲೆಗೆ ಪೆಟ್ಟಾಗಿ ಸತ್ತರೋ, ಅಥವಾ ಕಬ್ಬಿನ ಟ್ರಾಕ್ಟರ್ ಒಂದು ತಗುಲಿಸಿಕೊಂಡು ಹೋಯಿತೋ? ಹೊರಗಿನಿಂದ ನೋಡಿದರೆ ಮೂರೂ ಒಂದೇ ರೀತಿ ಕಾಣುತ್ತವೆ. ಮೊದಲನೆಯದಾದರೆ ಸಹಜ ಸಾವು. ಚಿಕಿತ್ಸೆ ಕೊಡುತ್ತಿದ್ದ ವೈದ್ಯೆ ನಾನೇ, ಪ್ರಮಾಣಪತ್ರ ಬರೆದುಕೊಟ್ಟರೆ ದೇಹ ನೇರ ಕಾಲೇಜಿಗೆ ಹೋಗುತ್ತದೆ. ಇನ್ನೆರಡರಲ್ಲಿ ಒಂದಾದರೆ ಪೊಲೀಸರಿಗೆ ತಿಳಿಸಬೇಕು, ಮಹಜರು ಆಗಬೇಕು, ಶವಪರೀಕ್ಷೆ ಆಗಬೇಕು. ಶವಪರೀಕ್ಷೆಯಲ್ಲಿ ದೇಹವನ್ನು ಗಂಟಲಿನಿಂದ ಕೆಳಹೊಟ್ಟೆಯವರೆಗೆ ಬಿಚ್ಚುತ್ತೇವೆ, ತಲೆಬುರುಡೆಯನ್ನು ಕೊಯ್ಯುತ್ತೇವೆ. ರಕ್ತನಾಳಗಳು ಕತ್ತರಿಸಿ ಹೋದ ಮೇಲೆ ಫಾರ್ಮಲಿನ್ ದ್ರಾವಣವನ್ನು ದೇಹದ ತುಂಬ ಹರಿಸಿ ಕೆಡದಂತೆ ಇಡಲು ಆಗುವುದಿಲ್ಲ. ಅಂಗರಚನಾ ವಿಭಾಗದವರು ಅಂಥ ದೇಹವನ್ನು ತೆಗೆದುಕೊಳ್ಳುವುದಿಲ್ಲ.

ಇದೆಲ್ಲ ನನಗೆ ಬಾಯಿಪಾಠ. ಪ್ರಬಂಧದಲ್ಲಿ ಬರೆದಿದ್ದೆ ಕೂಡ.

ಮೇಷ್ಟ್ರ ಹೆಂಡತಿಯನ್ನು ಯಾರೋ ಸ್ಕೂಟರಿನಲ್ಲಿ ಕರೆತಂದರು. ಆಕೆ ಅಳಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತು ಗಂಡನ ಪಾದ ಹಿಡಿದುಕೊಂಡರು. ನಂಜನಗೂಡಿನಿಂದ ಮಗಳು ಬರುವಷ್ಟರಲ್ಲಿ ನಾನು ರೆಪ್ಪೆ ಮುಚ್ಚಿಸಿ, ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಫ್ಯಾನ್ ಆರಿಸಿದ್ದೆ. ಕಣ್ಣುಗಳನ್ನಾದರೂ ದಾನಕ್ಕೆ ಉಳಿಸಿಕೊಳ್ಳಬೇಕು ಎಂದು ಕೈ ತಾನಾಗಿಯೇ ಮಾಡಿದ ಕೆಲಸ ಅದು.

ಮಗಳು ಬಂದವಳೇ ಅಪ್ಪನ ಹಣೆ ಮುಟ್ಟಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕಣ್ಣೊರೆಸಿಕೊಂಡು, "ಕಾಲೇಜಿಗೆ ಫೋನ್ ಮಾಡಿದ್ರಾ ಮೇಡಂ?" ಎಂದು ಕೇಳಿದಳು.

ಅವಳನ್ನು ಪಕ್ಕದ ಕೋಣೆಗೆ ಕರೆದು ವಿಷಯ ಹೇಳಿದೆ. ಹೇಳುವಾಗ ನನ್ನ ದನಿ ತರಗತಿಯ ಪ್ರಾಧ್ಯಾಪಕರ ದನಿಯಂತೆ ಕೇಳಿಸಿತು.

"ಅಪ್ಪಂಗೆ ಹಾರ್ಟ್ ತೊಂದರೆ ಇತ್ತು. ನೀವೇ ಮಾತ್ರೆ ಕೊಡ್ತಿದ್ರಿ."

"ಹೌದು."

"ಅದೇ ಆಗಿರಬೋದಲ್ವಾ?"

"ಆಗಿರಬಹುದು. ಆಗದೆಯೂ ಇರಬಹುದು."

"ಎಲ್ಲರೂ ಪೋಸ್ಟ್‌ಮಾರ್ಟಮ್ ಬೇಡ ಅಂತ ಕೈ ಮುಗೀತಾರೆ, ಹೆಣ ಕೆಡುತ್ತೆ ಅಂತ. ನಾನು ಹಂಗೆ ಕೇಳ್ತಿಲ್ಲ ಮೇಡಂ. ಕೊಯ್ಯೋದಕ್ಕೇ ಅವರು ಬರೆದುಕೊಟ್ಟಿರೋದು. ಆದ್ರೆ ಅವರು ಹೇಳ್ದಂಗೆ ಕೊಯ್ಯಲಿ ಅಂತ ಕೇಳ್ತಿದೀನಿ. ಅಪ್ಪ ನಿಮ್ಮನ್ನ ನಂಬಿದ್ರು."

ನೋಡುತ್ತೇನೆ ಅಂದೆ. ಡ್ಯೂಟಿ ಕೋಣೆಯಲ್ಲಿ ಕೂತು ಪ್ರಮಾಣಪತ್ರದ ಹಾಳೆ ಎದುರಿಗಿಟ್ಟುಕೊಂಡೆ. ಬರೆದರೆ ಅದು ಸುಳ್ಳು ಎಂದು ಸಾಬೀತು ಮಾಡಬಲ್ಲವರು ಯಾರೂ ಇಲ್ಲ. ಸತ್ತವರ ಆಸೆ, ಮನೆಯವರ ಆಸೆ, ವಿದ್ಯಾರ್ಥಿಗಳ ಉಪಯೋಗ ಎಲ್ಲ ಒಂದೇ ಕಡೆ ಇದೆ. ನನ್ನ ಹೊತ್ತಗೆಯಲ್ಲಿ ಇಷ್ಟು ಅಚ್ಚುಕಟ್ಟಾದ ಒಪ್ಪಿಗೆ ಇನ್ನೊಂದಿರಲಿಲ್ಲ.

ಅಷ್ಟರಲ್ಲಿ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಬಂದರು. ಬೇರೊಂದು ಕೇಸಿಗೆ ಆಸ್ಪತ್ರೆಗೆ ಬಂದವರಿಗೆ ಹೊರಗಿನ ಜನರಿಂದ ಸುದ್ದಿ ಸಿಕ್ಕಿತ್ತು. ಮೇಷ್ಟ್ರ ಬಳಿ ಓದಿದವರೊಬ್ಬರು ಠಾಣೆಯಲ್ಲೇ ಪೇದೆಯಾಗಿದ್ದರಂತೆ, ಅವರೂ ಹೇಳಿದ್ದರು.

"ಒಳ್ಳೆ ಮನ್ಷ ಅಂತಾರೆ. ಹಾರ್ಟ್ ಪೇಶೆಂಟು ಅಂತ ನಿಮ್ಮ ರೆಕಾರ್ಡಲ್ಲೇ ಇದೆ. ಹಾರ್ಟ್ ಅಟ್ಯಾಕ್ ಅಂತ ಬರ್ದು ಕೊಡಿ ಮೇಡಂ. ನಂಗೇನೂ ತಕರಾರಿಲ್ಲ, ಒಂದು ಕೇಸೂ ಕಮ್ಮಿ ಆಯ್ತದೆ."

ಅವರು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಎಲ್ಲರೂ ಸೇರಿ ಹೀಗೆ ಸಲೀಸಾಗಿ ಒಪ್ಪಿಬಿಟ್ಟದ್ದೇ ನನ್ನನ್ನು ಹಿಡಿದು ನಿಲ್ಲಿಸಿತು. ಇದೇ ಕೋಣೆಯಲ್ಲಿ, ಇದೇ ಕುರ್ಚಿಯಲ್ಲಿ, ಸುಟ್ಟು ಸತ್ತ ಸೊಸೆಯರ ಗಂಡನ ಮನೆಯವರು "ಸ್ಟವ್ ಸಿಡೀತು ಅಂತ ಬರೀರಿ" ಎಂದು ಕೂತಿದ್ದಾರೆ. ಅವರಿಗೆ ನಾನು ಗೊತ್ತಿಲ್ಲದ್ದನ್ನು ಬರೆಯುವುದಿಲ್ಲ ಎಂದಿದ್ದೇನೆ. ಮೇಷ್ಟ್ರು ಒಳ್ಳೆಯವರು ಎನ್ನುವ ಕಾರಣಕ್ಕೆ ಇವತ್ತು ಗೊತ್ತಿಲ್ಲದ್ದನ್ನು ಬರೆದರೆ, ನಾಳೆ ಯಾರಿಗೆ ಇಲ್ಲ ಅನ್ನಲಿ? ಒಂದು ಟ್ರಾಕ್ಟರ್ ತಗುಲಿಸಿದ್ದೇ ನಿಜವಾಗಿದ್ದರೆ?

"ಕಿವಿ ಹಿಂದೆ ಊತ ಇದೆ ಸರ್. ನನಗೆ ಗೊತ್ತಾಗ್ತಿಲ್ಲ. ಇಂಟಿಮೇಷನ್ ಕಳಿಸ್ತಾ ಇದೀನಿ" ಅಂದೆ.

ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಸರಿ ಬುಡಿ. ಮಹಜರಿಗೆ ಜನ ಕರೀತೀನಿ."

ಮಗಳಿಗೆ ಹೇಳಿದಾಗ ಅವಳು ಜಗಳವಾಡಲಿಲ್ಲ. "ಆಯ್ತು ಮೇಡಂ, ನಿಮ್ಮ ಕಾನೂನು" ಅಂದಳು. ಬೈದಿದ್ದರೆ ಹಗುರವಾಗುತ್ತಿತ್ತು. ನೆಲದ ಮೇಲೆ ಕೂತಿದ್ದ ಮೇಷ್ಟ್ರ ಹೆಂಡತಿ ತಲೆಯೆತ್ತಿ ನನ್ನನ್ನೇ ನೋಡಿದರು. ಆ ನೋಟದಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ. ನೋವು ಅಂದುಕೊಂಡೆ.

*

ಮಹಜರಿಗೆ ಪಂಚರು ಸೇರುವವರೆಗೆ ನಾನು ಹೊರರೋಗಿಗಳ ಸಾಲಿಗೆ ಮರಳಿದೆ. ಕೆಮ್ಮು, ಜ್ವರ, ಕಿವಿನೋವು. ಬರೆಯುತ್ತಿದ್ದ ಕೈ ಬರೆಯುತ್ತಲೇ ಇತ್ತು. ಮನಸ್ಸು ಮಾತ್ರ ಒಂದು ಮಾತಿನ ಸುತ್ತ ತಿರುಗುತ್ತಿತ್ತು. ಇನ್ನೊಂದು ವರ್ಷ ಪಾಠ ಮಾಡ್ದಂಗೆ.

ಶವಪರೀಕ್ಷೆಯನ್ನು ಇಲ್ಲಿ ನಾನೇ ಮಾಡಬೇಕು. ಆಸ್ಪತ್ರೆಯ ಹಿಂದಿನ ಒಂಟಿ ಕೋಣೆಯಲ್ಲಿ, ತಗಡಿನ ಬಾಗಿಲು ಮುಚ್ಚಿಕೊಂಡು. ಅಲ್ಲಿ ಯಾರೂ ಏನನ್ನೂ ಕಲಿಯುವುದಿಲ್ಲ. ಅದೇ ಹೊತ್ತಿಗೆ ನೆನಪಾಯಿತು, ನಾವು ಎರಡನೇ ವರ್ಷದಲ್ಲಿದ್ದಾಗ ವಿಧಿವಿಜ್ಞಾನ ವಿಭಾಗದಲ್ಲಿ ಶವಪರೀಕ್ಷೆ ನೋಡಲು ನಮ್ಮನ್ನು ತಂಡ ತಂಡವಾಗಿ ನಿಲ್ಲಿಸುತ್ತಿದ್ದರು. ನೋಡದಿದ್ದರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ.

ಮೈಸೂರಿನ ಒಂದು ವೈದ್ಯಕೀಯ ಕಾಲೇಜಿನ ವಿಧಿವಿಜ್ಞಾನದ ಪ್ರಾಧ್ಯಾಪಕಿಗೆ ಫೋನ್ ಮಾಡಿದೆ. ಪ್ರಬಂಧದ ವಿಷಯದಲ್ಲಿ ಒಂದೆರಡು ಸಲ ಸಲಹೆ ಕೇಳಿದ್ದೆ, ಹೆಚ್ಚು ಪರಿಚಯವಿರಲಿಲ್ಲ. ಎಲ್ಲ ಹೇಳಿ, "ತಜ್ಞರ ಶವಪರೀಕ್ಷೆ ಬೇಕು ಅಂತ ಬರೆದು ಕಳಿಸಿದರೆ ತೆಗೆದುಕೊಳ್ತೀರಾ?" ಎಂದು ಕೇಳಿದೆ.

"ಕಾರಣ ಏನು ಬರೀತೀರಿ?"

"ಹೃದಯದ ಕಾಯಿಲೆಯೋ ತಲೆಯ ಪೆಟ್ಟೋ, ಇಲ್ಲಿ ನಿರ್ಧರಿಸೋ ಅನುಕೂಲ ಇಲ್ಲ. ಅದು ನಿಜ. ಮೃತರು ನನಗೆ ಪರಿಚಯದವರು. ಅದೂ ನಿಜ."

"ಸಾಕು. ನಾಳೆ ಬೆಳಿಗ್ಗೆ ನನ್ನ ವಿದ್ಯಾರ್ಥಿಗಳ ಬ್ಯಾಚ್ ಇದೆ, ನೋಡೋಕೆ ನಿಲ್ಲಿಸ್ತೀನಿ. ಆದ್ರೆ ವರ್ಷಪೂರ್ತಿ ಮಾಡೋ ಡಿಸೆಕ್ಷನ್ ಆಗೋದಿಲ್ಲ ಇದು. ಒಂದು ಬೆಳಗಿನ ಕೆಲಸ. ಮನೆಯವರಿಗೆ ಹೆಚ್ಚಿನ ಆಸೆ ಹುಟ್ಟಿಸಬೇಡಿ."

ಕಣ್ಣಿನ ಬಗ್ಗೆಯೂ ಕೇಳಿದೆ. ಶವಪರೀಕ್ಷೆಗೆ ಅಡ್ಡಿಯಾಗದಿದ್ದರೆ, ಪೊಲೀಸರೂ ಮನೆಯವರೂ ಒಪ್ಪಿದರೆ ತೆಗೆಯಬಹುದು ಎಂದು ಕಾನೂನಿನಲ್ಲಿದೆ. ಓದಿದ್ದು ಆ ವರ್ಷ ಮೊದಲ ಸಲ ಕೈಗೆ ಬಂತು. ನೇತ್ರ ಭಂಡಾರದ ತಂತ್ರಜ್ಞ ಮೈಸೂರಿನಿಂದ ಬೈಕಿನಲ್ಲಿ ಐಸ್ ಪೆಟ್ಟಿಗೆ ಕಟ್ಟಿಕೊಂಡು ಬಂದರು. ಮೇಷ್ಟ್ರಿಗೆ ಪೊರೆಯ ಆಪರೇಷನ್ ಆಗಿತ್ತಲ್ಲ ಎಂದು ನಾನು ಅಂಜಿದ್ದೆ. ಅವರು, "ಮುಂದಿನ ಪಾರದರ್ಶಕ ಪದರ ಚೆನ್ನಾಗಿದ್ರೆ ಆಯ್ತು ಮೇಡಂ, ಪೊರೆ ಲೆಕ್ಕಕ್ಕಿಲ್ಲ" ಅಂದರು. ಸಬ್ ಇನ್ಸ್‌ಪೆಕ್ಟರ್ ಮೇಷ್ಟ್ರ ಮಗಳ ರುಜುವಿನ ಕೆಳಗೆ ತಮ್ಮ ರುಜು ಹಾಕುವಾಗ, "ಬೇಡ ಅಂದ್ರೂ ಕೆಲಸ ಹುಡುಕ್ತೀರಿ ನೀವು" ಎಂದು ಗೊಣಗಿದರು, ಹಾಕಿದರು. ಮೈಸೂರಿಗೆ ಸಾಗಿಸಲು ವ್ಯಾನ್ ಸಿಗದೆ ಮತ್ತೆ ತಡವಾಯಿತು. ಆಸ್ಪತ್ರೆಯ ಆಂಬುಲೆನ್ಸ್ ಸತ್ತವರನ್ನು ಒಯ್ಯುವುದಿಲ್ಲ. ಕೊನೆಗೆ ಮೇಷ್ಟ್ರ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ತರಕಾರಿ ವ್ಯಾನ್ ತೊಳೆಸಿ ತಂದರು.

ಮಾರನೆಯ ದಿನ ರಜೆ ಹಾಕಿ ಮೈಸೂರಿಗೆ ಹೋದೆ. ಶವಾಗಾರದ ಮುಂದಿನ ಪಡಸಾಲೆಯಲ್ಲಿ ಬಿಳಿ ಕೋಟಿನ ಹುಡುಗ ಹುಡುಗಿಯರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಹಲವರಿಗೆ ಅದು ಮೊದಲ ಶವಪರೀಕ್ಷೆ ಎಂದು ಮುಖದಲ್ಲೇ ತಿಳಿಯುತ್ತಿತ್ತು. ಪ್ರಾಧ್ಯಾಪಕಿ ಮೇಷ್ಟ್ರ ಮಗಳ ಬಳಿಗೆ ಹೋಗಿ, "ನಿಮ್ಮ ತಂದೆ ಯಾರು ಅಂತ ಇವರಿಗೆ ಹೇಳಬಹುದಾ? ನೀವು ಬೇಡ ಅಂದ್ರೆ ಹೇಳಲ್ಲ" ಎಂದು ಕೇಳಿದರು.

ಮಗಳು, "ನಾನೇ ಹೇಳ್ಲಾ?" ಅಂದಳು.

ಸಂಬಂಧಿಕರನ್ನು ಒಳಗೆ ಬಿಡುವಂತಿಲ್ಲ. ಪಡಸಾಲೆಯಲ್ಲೇ ನಿಂತು, ಸೀರೆಯ ಸೆರಗು ಭುಜದ ಮೇಲೆ ಎಳೆದುಕೊಂಡು, ಅವಳು ಮಾತಾಡಿದಳು. "ನಮ್ಮಪ್ಪ ಹಳ್ಳಿ ಸ್ಕೂಲಲ್ಲಿ ಮೇಷ್ಟ್ರು. ನಿಮಗೆ ಪಾಠ ಆಗ್ಲಿ ಅಂತ ದೇಹ ಬರೆದುಕೊಟ್ಟಿದ್ರು, ಆ ರೀತಿ ಆಗ್ಲಿಲ್ಲ. ಇವತ್ತೊಂದು ದಿನ ಸಿಕ್ಕಿದಾರೆ. ಪಾಠ ಮಾಡುವಾಗ ಮಕ್ಕಳು ಏನೂ ಕೇಳ್ದೆ ಸುಮ್ನೆ ಕೂತ್ರೆ ಅವರಿಗೆ ಬೇಜಾರಾಗೋದು. ಅದಕ್ಕೆ, ಏನಾದ್ರೂ ಕೇಳಿ."

ಒಳಗೆ ಮೊದಲು ಯಾರೂ ಉಸಿರೆತ್ತಲಿಲ್ಲ. ಹೃದಯವನ್ನು ಕೈಗೆತ್ತಿಕೊಂಡು ಪ್ರಾಧ್ಯಾಪಕಿ ರಕ್ತನಾಳವನ್ನು ಅಡ್ಡಡ್ಡ ಸಣ್ಣ ಬಿಲ್ಲೆಗಳಾಗಿ ಕತ್ತರಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, "ಮೇಡಂ, ಉದ್ದಕ್ಕೆ ಯಾಕೆ ಸೀಳಲ್ಲ?" ಎಂದು ಕೇಳಿದಳು. ಉದ್ದಕ್ಕೆ ಸೀಳಿದರೆ ಹೆಪ್ಪುಗಟ್ಟಿದ್ದು ಕದಲಿಬಿಡುತ್ತದೆ ಎಂದು ಅವರು ಹೇಳಿದರು. ಆಮೇಲೆ ಪ್ರಶ್ನೆಗಳು ನಿಲ್ಲಲಿಲ್ಲ. ಒಬ್ಬ ಹುಡುಗ ಗ್ಲೌಸ್ ಹಾಕಿಕೊಂಡು ಆ ಹೃದಯವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ.

ಎಡಗಡೆಯ ಮುಖ್ಯ ನಾಳದಲ್ಲಿ ಹೊಸ ಹೆಪ್ಪು ಸಿಕ್ಕಿತು. ಕಿವಿಯ ಹಿಂದಿನ ಊತ ಚರ್ಮದ ಕೆಳಗೇ ಮುಗಿದಿತ್ತು. ಬುರುಡೆ ಬಿರಿದಿರಲಿಲ್ಲ, ಮಿದುಳಿನಲ್ಲಿ ರಕ್ತ ಸೋರಿರಲಿಲ್ಲ. ಎದೆನೋವು ಮೊದಲು ಬಂದಿದೆ, ಬಿದ್ದದ್ದು ಆಮೇಲೆ. ನಾನು ಆ ಹಾಳೆಯ ಮೇಲೆ ಬರೆಯದೆ ಬಿಟ್ಟ ಪದವೇ ಸರಿಯಾದ ಪದವಾಗಿತ್ತು.

ಸಬ್ ಇನ್ಸ್‌ಪೆಕ್ಟರಿಗೆ ಫೋನಿನಲ್ಲಿ ತಿಳಿಸಿದೆ. "ನಾನು ಮೊದ್ಲೇ ಹೇಳಿರ್ಲಿಲ್ವಾ ಮೇಡಂ" ಅಂದರು. ಹೇಳಿದ್ದರು. ಶವಾಗಾರದ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತೆ. ಸರಿ ಮಾಡಿದೆ ಎಂದೂ ಅನ್ನಿಸಲಿಲ್ಲ, ತಪ್ಪು ಮಾಡಿದೆ ಎಂದೂ ಅನ್ನಿಸಲಿಲ್ಲ. ನಿದ್ದೆ ಬರುತ್ತಿತ್ತು.

ಹೊಲಿದ ದೇಹವನ್ನು ಅದೇ ತರಕಾರಿ ವ್ಯಾನಿನಲ್ಲಿ ಊರಿಗೆ ತಂದೆವು. ಮಣ್ಣು ಮಾಡುವ ಯೋಚನೆಯೇ ಆ ಮನೆಯಲ್ಲಿ ಇರಲಿಲ್ಲವಾದ್ದರಿಂದ ಎಲ್ಲಿ, ಹೇಗೆ ಎಂದು ಮಗಳಿಗೆ ದಿಕ್ಕು ತೋಚಲಿಲ್ಲ. ನೆಂಟರು ಒಬ್ಬೊಬ್ಬರು ಒಂದೊಂದು ಮಾತಾಡಿದರು. ಆಗ ಎರಡು ದಿನದಿಂದ ಬಾಯಿ ಬಿಡದಿದ್ದ ಮೇಷ್ಟ್ರ ಹೆಂಡತಿ ಎದ್ದು, "ನಮ್ಮೊಲದ ಮೂಡ್ಗಡೆ, ಹುಣಸೆ ಮರದ್ ತಾವ" ಎಂದರು. ಹೋಗಿ ಗುಂಡಿಯ ಅಳತೆಯನ್ನೂ ತಾವೇ ತೋರಿಸಿದರು. ಹಿರಿಯರೊಬ್ಬರು ಬುದ್ಧ ವಂದನೆ ಹೇಳಿದರು. ಎಲ್ಲರೂ ಹಿಡಿ ಮಣ್ಣು ಹಾಕಿದೆವು. ಮಗಳು ನನ್ನ ಜೊತೆ ಮಾತಾಡಲಿಲ್ಲ.

*

ಪ್ರಬಂಧ ಮುಗಿಸಿ ಕಳಿಸಿದೆ. ಮೌಖಿಕ ಪರೀಕ್ಷೆಯಲ್ಲಿ ಮೇಷ್ಟ್ರ ಅಧ್ಯಾಯವನ್ನೇ ಪರೀಕ್ಷಕರು ಹೆಚ್ಚು ಕೆದಕಿದರು. ಕುಟುಂಬದವರೆಲ್ಲ ಕೂತು, ತಿಳಿದು, ಸ್ವಇಚ್ಛೆಯಿಂದ ಕೊಟ್ಟ ಒಪ್ಪಿಗೆಗೆ ಇದು ಮಾದರಿ ಎಂದು ನಾನು ಬರೆದಿದ್ದೆ. ಆ ಸಾಲನ್ನು ಅವರು ಗಟ್ಟಿಯಾಗಿ ಓದಿ, ಚೆನ್ನಾಗಿದೆ ಎಂದರು. ಪಾಸಾದೆ. ನಂಜನಗೂಡಿಗೆ ಮರಳುವ ಬಸ್ಸಿನಲ್ಲಿ ಎಲ್ಲ ನಿಲ್ದಾಣಗಳನ್ನೂ ನಿದ್ದೆಯಲ್ಲೇ ದಾಟಿದೆ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಮೇಷ್ಟ್ರ ಹೆಂಡತಿ ರಕ್ತದೊತ್ತಡದ ಮಾತ್ರೆಗೆ ಬಂದರು. ಸಾಲಿನಲ್ಲಿ ತಮ್ಮ ಸರದಿ ಬರುವವರೆಗೂ ನಿಂತಿದ್ದರು. ತೋಳಿಗೆ ಪಟ್ಟಿ ಸುತ್ತುತ್ತಾ, ಓದು ಮುಗಿಯಿತು, ಮೇಷ್ಟ್ರ ಬಗ್ಗೆ ಬರೆದದ್ದನ್ನು ದೊಡ್ಡವರು ಮೆಚ್ಚಿದರು ಎಂದು ಹೇಳಿದೆ. ಜೊತೆಗೆ, ಎಷ್ಟೋ ದಿನದಿಂದ ಮನಸ್ಸಿನಲ್ಲಿದ್ದದ್ದನ್ನೂ ಹೇಳಿದೆ. "ಅವರ ಆಸೆ ಪೂರ್ತಿ ನಡೆಸೋಕೆ ನನ್ನಿಂದ ಆಗ್ಲಿಲ್ಲಮ್ಮ."

ಆಕೆ ಬಾಗಿಲ ಕಡೆ ನೋಡಿದರು. ಹಿಂದೆ ಯಾರೂ ಇರಲಿಲ್ಲ.

"ಆಗ್ದಿದ್ದುದ್ದೇ ಒಳ್ಳೇದಾಯ್ತು ಬುಡವ್ವ."

ಪಟ್ಟಿಗೆ ಗಾಳಿ ತುಂಬುತ್ತಿದ್ದವಳು ನಿಲ್ಲಿಸಿದೆ.

"ನಂಗ ಅದು ಬ್ಯಾಡಾಗಿತ್ತು. ಅಷ್ಟ್ ವರ್ಸ ಜತೇಲಿ ಬಾಳ್ದೋರು. ಸತ್ ಮ್ಯಾಲ ಒಂದ್ ಗುರ್ತೂ ಇಲ್ದಂಗ ಓಗ್ಬುಟ್ರ ನಾ ಎಲ್ಲಿ ಕೂರನ?"

"ನಾನು ಕೇಳಿದಾಗ ಒಪ್ಪಿದ್ರಿ."

"ಅವ್ರು ಪಕ್ಕದಲ್ಲೇ ಕೂತು ನನ್ ಮೊಕಾನೇ ನೋಡ್ತಿದ್ರು. ನೀವು ಪೆನ್ ಇಡ್ಕಂಡ್ ಕೂತಿದ್ರಿ. ಬ್ಯಾಡ ಅಂದ್ರ ಅವ್ರು ನೊಂದ್ಕತಿದ್ರು. ಊ ಅಂದೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಅವತ್ತು ನೀವು ಬರ್ದು ಕೊಟ್ಟಿದ್ರ ಕರ್ಕಂಡ್ ಓಗ್ಬುಡೋರು. ನೀವು ಬರೀನಿಲ್ಲ. ಸಿಟ್ಟಾಗಿರೋಳು ನನ್ ಮಗ್ಳು, ನಾನಲ್ಲ. ಅವ್ಳಿಗ ಇದ ಏಳ್ಬ್ಯಾಡಿ."

ಹೇಳುವುದಿಲ್ಲ ಎಂದೆ. ಆಮೇಲಿನ ವರ್ಷಗಳಲ್ಲಿ ಅಮ್ಮ ಮಗಳಿಗೆ ತಾವೇ ಹೇಳಿದರಂತೆ. ಅಮ್ಮನೂ ತೀರಿಕೊಂಡ ಮೇಲೆ ಮಗಳನ್ನು ಕೇಳಿ, ಅವಳು ಒಪ್ಪಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಒಪ್ಪಿಗೆ ಕೇಳುವಾಗ ಅವಳ ಗಂಡನನ್ನು ಹೊರಗೆ ಕೂರಿಸಿದ್ದೆ.

ಅವತ್ತು ಮತ್ತೆ ಪಟ್ಟಿಗೆ ಗಾಳಿ ತುಂಬಿ ಅಳತೆ ನೋಡಿದೆ. ಒತ್ತಡ ಹತೋಟಿಯಲ್ಲಿತ್ತು. ಮಾತ್ರೆ ಬರೆದುಕೊಟ್ಟೆ. ಆಕೆ ಚೀಟಿಯನ್ನು ಮಡಿಸಿ ಕೈಯಲ್ಲಿ ಹಿಡಿದು ಎದ್ದರು.

"ಬತ್ತೀನಿ ಕನವ್ವ. ಮಳೆ ಬರೋಕ್ ಮುಂಚ ಹುಣಸೆ ಮರದ್ ತಾವ ಒಂದ್ ಗಳ್ಗೆ ಕೂತಿದ್ದು ಮನೇಗ್ ಓಗ್ಬೇಕು."